ಎರಡು ಮನೆಯ ಮಲ್ಲವ್ವ

ನಮ್ಮ ರೇಶನ್ ಕಾರ್ಡಿನಲ್ಲಿರುವ ಹೆಸರುಗಳು ಐದು. ಊಟದ ಹೊತ್ತಿಗೆ ಅಡಿಗೆಮನೆಯಲ್ಲಿ ಹಾಜರಿರುವವರು ಆರು ಜನ. ಆರನೆಯವರ ಹೆಸರು ಮಲ್ಲವ್ವ. ವಯಸ್ಸು ಎಂಟರ ಸುಮಾರು, ಮೈಬಣ್ಣ ಬಿಳಿ, ಬಾಲ ಕಪ್ಪು, ಎರಡು ಕಿವಿಗಳ ನಡುವೆ ಮಸಿಕುಡಿಕೆ ಮಗುಚಿದಂತೆ ಒಂದು ಕರಿಯ ಮಚ್ಚೆ, ಗುರುತು, ಎಡಗಿವಿಯ ತುದಿ ಹರಿದಿದೆ. ಗುಮಾಸ್ತರಾದ ನಮಗೆ ಯಾರ ಪರಿಚಯ ಮಾಡಿಕೊಡಬೇಕಾದರೂ ಫಾರ್ಮು ತುಂಬಿದಂತೆಯೇ ಆಗುತ್ತದೆ, ಓದುಗರು ಮನ್ನಿಸಬೇಕು. ಮಲ್ಲವ್ವ ನಮ್ಮ ಮನೆಯ ಬೆಕ್ಕು.

ನಾವು ಬಿ. ಎ. ಮುಗಿಸಿ, ಪರೀಕ್ಷೆ ಬರೆದು, 2013ರಲ್ಲಿ ಮುಂಬಯಿಯ ಒಂದು ಸರಕಾರಿ ಕಚೇರಿಗೆ ಬಂದು ಸೇರಿದೆವು. ಕೆಲವು ವರ್ಷ ಬಾಡಿಗೆ ಖೋಲಿಗಳಲ್ಲಿ ಅಲೆದ ತರುವಾಯ ಅಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನಲ್ಲಿ ಮೊದಲ ಮಹಡಿಯ ಮನೆ ಸಿಕ್ಕಿತು. ಮನೆ ಸಿಕ್ಕಿದ ಮೇಲೆ ಧಾರವಾಡ ಸೀಮೆಯ ನಮ್ಮೂರಿನಿಂದ ಅವ್ವ ಬಂದಳು. ಅವ್ವನ ಹಿಂದೆ ಬಿಳಿಜೋಳದ ಚೀಲ ಬಂದಿತು. ಮುಂಬಯಿಯ ಅಂಗಡಿ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ಬಡಿದರೆ ಅಂಚು ಒಡೆಯುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ಜೋಳದ ಚೀಲದ ಹಿಂದೆ ಇಲಿಗಳು ಬಂದವು. ಇಲಿಗಳ ಹಿಂದೆ, 2018ರ ಜುಲೈ ತಿಂಗಳ ಒಂದು ಸೋಮವಾರ, ಮಳೆ ಧೋ ಎಂದು ಸುರಿಯುತ್ತಿರುವಾಗ, ಮಲ್ಲವ್ವ ಬಂದಳು.

ಅವ್ವ ಆಗತಾನೆ ಪೂಜೆ ಮುಗಿಸಿ ವಿಭೂತಿಯ ಕೈ ಒರೆಸಿಕೊಳ್ಳುತ್ತಿದ್ದಳು. ತೊಯ್ದು ತೊಪ್ಪೆಯಾದ ಒಂದು ವರ್ಷದ ಬೆಕ್ಕು ಬಾಗಿಲಲ್ಲಿ ನಿಂತಿತು. ಯಾರ ಅಪ್ಪಣೆಯನ್ನೂ ಕೇಳದೆ ಮೈ ಝಾಡಿಸಿ ನಮ್ಮೆಲ್ಲರಿಗೂ ಪ್ರೋಕ್ಷಣೆ ಮಾಡಿತು. ನೆಟ್ಟಗೆ ಜೋಳದ ಚೀಲದ ಬಳಿಗೆ ಹೋಗಿ ಕುಳಿತುಬಿಟ್ಟಿತು. ರಾತ್ರಿ ಒಂಬತ್ತು ಗಂಟೆಗೆ ಮೊದಲನೆಯ ಇಲಿಯ ಲೆಕ್ಕ ತೀರಿತು.

"ಸ್ವಾಮಾರ ಬಂದಾಳ. ಮಲ್ಲಯ್ಯನ ಕಳಿಸ್ಯಾನ. ಮಲ್ಲವ್ವ ಅಂತ ಕರೀರಿ," ಎಂದು ಅವ್ವ ಅಪ್ಪಣೆ ಕೊಟ್ಟಳು. ನಾಮಕರಣ ಅಷ್ಟಕ್ಕೇ ಮುಗಿಯಿತು.

ಬೆಕ್ಕು ಮನುಷ್ಯನ ಮನೆ ಸೇರಿದ ಕಥೆಯೇ ಇಷ್ಟು. ಪಶ್ಚಿಮ ಏಷ್ಯದ ಮೊದಲ ಒಕ್ಕಲಿಗರು ಕಾಳು ಕೂಡಿಸಿಟ್ಟರು, ಕಾಳಿಗೆ ಇಲಿ ಬಂದಿತು, ಇಲಿಗೆ ಕಾಡುಬೆಕ್ಕು ಬಂದಿತು, ಬಂದದ್ದು ಹೊರಡಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯ ಪಕ್ಕದಲ್ಲಿಯೇ ಬೆಕ್ಕನ್ನೂ ಹೂಳಿದ್ದುದು ಅಗೆತದಲ್ಲಿ ಕಂಡಿತೆಂದು 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಬೆಕ್ಕುಗಳು ಮೊದಲು ಇರಲೇ ಇಲ್ಲ. ಯಾರೋ ದೋಣಿಯಲ್ಲಿ ಹಾಕಿಕೊಂಡು ಹೋಗಿರಬೇಕು. ಊರು ಬಿಟ್ಟು ಹೋಗುವಾಗ ಜೋಳದ ಜೊತೆಗೆ ಬೆಕ್ಕನ್ನೂ ಕಟ್ಟಿಕೊಂಡು ಹೋದ ಆ ಸಂಸಾರವನ್ನು ನೆನೆದರೆ ನಮಗೆ ಏಕೋ ನಮ್ಮ ಅವ್ವನದೇ ನೆನಪಾಗುತ್ತದೆ.

ನಮ್ಮ ಮೆಟ್ಟಿಲ ಮೇಲೆ ಹತ್ತಿಳಿಯುವ ಜನ ಹಲವು ಬಗೆ. ಆದ್ದರಿಂದ ಮಲ್ಲವ್ವನ ಜಾತಿವಾಚಕಗಳೂ ಹಲವು. ನಮ್ಮ ಮನೆಯಾಕೆ ತುಮಕೂರಿನ ಕಡೆಯವಳು, ಅವಳ ಬಾಯಲ್ಲಿ ಇದು 'ಕೊತ್ತಿ'. ಮೊದಮೊದಲು ಅವಳು "ಕೊತ್ತಿ ಬಂತು" ಎಂದಾಗ ಅವ್ವ ಸೊಪ್ಪಿನವಳು ಬಂದಳೆಂದು ಚೀಲ ಹಿಡಿದು ಹೊರಗೆ ಹೋದದ್ದುಂಟು. ಕೆಳಗಿನ ಮನೆಯ ಮಂಗಳೂರಿನವರಿಗೆ ಇದು 'ಪುಚ್ಚೆ', ಮೇಲಿನ ಮನೆಯ ತಮಿಳರಿಗೆ 'ಪೂನೈ', ಕಾವಲುಗಾರನಿಗೆ 'ಬಿಲ್ಲಿ'. ಸಂಸ್ಕೃತದ 'ಮಾರ್ಜಾರ'ಕ್ಕೆ ಮೂಲ ತೊಳೆ, ಒರೆಸು ಎಂಬ ಅರ್ಥದ ಧಾತು. ದಿನದಲ್ಲಿ ಎಷ್ಟೋ ಹೊತ್ತು ಮೈ ನೆಕ್ಕಿ ನೆಕ್ಕಿ ತೊಳೆದುಕೊಳ್ಳುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಅದೇ ಮಾರ್ಜಾರ ಮರಾಠಿಯಲ್ಲಿ 'ಮಾಂಜರ' ಆಗಿದೆ.

ಮರಾಠಿಯ ಮಾತು ಬಂದ ಮೇಲೆ ಎದುರು ಮನೆಯನ್ನು ಬಿಡುವಂತಿಲ್ಲ. ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಆರು ಅಡಿಯ ಓಣಿ. ಅವರು ಮಾಲವಣದ ಕಡೆಯವರು. ಮನೆಯ ಹಿರಿಯಾಕೆಯನ್ನು ನಮ್ಮ ಮಕ್ಕಳು ಮಾವಶಿ ಎನ್ನುತ್ತಾರೆ. ಮಕ್ಕಳ ಬಾಯಿಂದ ಆ ಹೆಸರು ನಮಗೂ ಬಂದಿದೆ. ಮಲ್ಲವ್ವ ಬಂದು ವಾರವಾಗಿತ್ತೋ ಇಲ್ಲವೋ, ಒಂದು ಬುಧವಾರ ಎದುರು ಬಾಗಿಲಿನಿಂದ ದನಿ ಕೇಳಿಸಿತು: "ಮನೀ! ಯೇ ಗ ಮನೀ, ಯೇ!" ಮರಾಠಿಗರು ಮನೆಯ ಬೆಕ್ಕನ್ನು ಮುದ್ದಿನಿಂದ ಮನೀ ಎನ್ನುವುದು ವಾಡಿಕೆ. ಅವ್ವನಿಗೆ ಅದು ತಿಳಿಯದು.

"ಏನ್ ತಮ್ಮಾ, ಆ ಬಾಯಿ 'ಮನಿ, ಮನಿ' ಅಂತ ಒದರತಾಳಲ್ಲ, ಮನಿಗೆ ಏನಾಗೇತಿ?"

ನಾವು ವಿವರಿಸಿದೆವು. ಅವ್ವನಿಗೆ ನಗೆ ತಡೆಯಲಿಲ್ಲ. "ಬೆಕ್ಕಿಗೆ ಮನಿ ಅಂತಾರೇನು? ಮನಿಗೆ ಮನಿ ಅಂತಾರ. ನಾ ಅಂತೂ ಸತ್ತರೂ ಹಂಗ ಕರಿಯಂಗಿಲ್ಲ!"

ಹೀಗೆ ಬೆಕ್ಕೊಂದು, ಹೆಸರೆರಡು ಆಯಿತು. ಈ ಬಾಗಿಲಲ್ಲಿ ಮಲ್ಲವ್ವ. ಆರು ಅಡಿ ದಾಟಿದರೆ ಮನೀ. ಈ ಮನೆಯಲ್ಲಿ ಬೆಣ್ಣೆ ಸವರಿದ ರೊಟ್ಟಿ, ಹಾಲನ್ನ. ಆ ಮನೆಯಲ್ಲಿ ಬಾಂಗಡೆ ಮೀನಿನ ತಲೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವಂತಿಲ್ಲ. ಮಲ್ಲವ್ವ ಎದುರು ಮನೆಯಲ್ಲಿ ಭೋಜನ ತೀರಿಸಿ, ಓಣಿಯ ನಡುಮಧ್ಯದಲ್ಲಿ ಕುಳಿತು, ಮೀಸೆ, ಮುಖ, ಮುಂಗಾಲು ಎಲ್ಲವನ್ನೂ ಸಾವಕಾಶವಾಗಿ ತೊಳೆದುಕೊಂಡು, ಪರಮ ಸಾತ್ವಿಕಳಾಗಿ ನಮ್ಮ ಹೊಸ್ತಿಲು ದಾಟುತ್ತಿದ್ದಳು. ಕಟ್ಟಡಕ್ಕೆಲ್ಲ ಗೊತ್ತಿದ್ದ ಈ ಸಂಗತಿ ಅವ್ವನಿಗೆ ಮಾತ್ರ ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು. ಏಕೆಂದರೆ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಅವ್ವ ನಾಲ್ಕು ಜನರಿಗೆ ಕೇಳುವಂತೆ, "ನಮ್ಮ ಮಲ್ಲವ್ವ ಶುದ್ಧ ಸಸ್ಯಾಹಾರಿ, ರೊಟ್ಟಿ ಬೆಣ್ಣಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ" ಎನ್ನುತ್ತಿದ್ದಳು. ಹಾಗಾದರೆ ಇಲಿಗಳ ಗತಿ ಏನೆಂದು ಯಾರಾದರೂ ಕೇಳಿದರೆ, "ಅದು ಊಟ ಅಲ್ಲ, ಕಾಯಕ!" ಎಂಬ ಉತ್ತರ ಸಿದ್ಧವಿತ್ತು.

ಮಲ್ಲವ್ವನ ಲೀಲೆಗಳನ್ನು ಹೇಳಹೊರಟರೆ ಪತ್ರಿಕೆಯ ಈ ಸಂಚಿಕೆ ಸಾಲದು. ಒಂದೆರಡನ್ನಾದರೂ ಹೇಳದಿದ್ದರೆ ಆಕೆಯ ಮುಖ ನೋಡುವುದು ಕಷ್ಟ.

ರಾತ್ರಿ ಊಟವಾಗಿ ನಾವು ಮೈಚಾಚಿದೊಡನೆ ಆಕೆ ನಮ್ಮ ಹೊಟ್ಟೆಯ ಮೇಲೇರಿ, ಗುರುಗುರು ಎನ್ನುತ್ತ, ಎರಡು ಮುಂಗಾಲುಗಳಿಂದ ಒಂದಾದ ಮೇಲೊಂದರಂತೆ ಒತ್ತತೊಡಗುತ್ತಾಳೆ. "ನೋಡ್, ರೊಟ್ಟಿ ಹಿಟ್ಟು ನಾದಾಕತ್ತಾಳ" ಎನ್ನುತ್ತಾಳೆ ಅವ್ವ. ಮರಿಯಾಗಿದ್ದಾಗ ಹಾಲು ಸುರಿಯಲೆಂದು ತಾಯಿಯ ಮೊಲೆಯ ಸುತ್ತ ಹೀಗೆ ಒತ್ತಿದ ಅಭ್ಯಾಸ ಬೆಳೆದ ಬೆಕ್ಕಿನಲ್ಲಿಯೂ ಉಳಿದುಕೊಳ್ಳುತ್ತದೆಯಂತೆ. ವಿಷಯ ತಿಳಿದ ಮೇಲೆ ನಮಗೆ ಕೆಳಗೆ ತಳ್ಳಲು ಮನಸ್ಸು ಬಾರದಾಯಿತು. ಉಗುರು ಬನಿಯನ್ನಿನ ಮೂಲಕ ಚುಚ್ಚುತ್ತಿದ್ದರೂ ತಾಯಿಯ ಸ್ಥಾನದಲ್ಲಿ ಸುಮ್ಮನೆ ಮಲಗಿರುತ್ತೇವೆ. ನಮ್ಮ ಬನಿಯನ್ನುಗಳ ತೂತುಗಳನ್ನು ನೋಡಿ ಕೇಂದ್ರ ಸರಕಾರದ ಸಂಬಳ ಇಷ್ಟೇ ಏನೆಂದು ಯಾರೂ ಭಾವಿಸಬಾರದು.

ಹೋಳಿಗೆಯ ದಿನ ಮಗ ತಟ್ಟೆ ಬಿಟ್ಟು ನೀರು ಕುಡಿಯಲು ಎದ್ದನೆಂದರೆ ಮಲ್ಲವ್ವ ಅಲ್ಲಿ ಹಾಜರು. ಆದರೆ ಆಕೆ ತಿನ್ನುವುದು ಹೋಳಿಗೆಯನ್ನಲ್ಲ. ಮೇಲಿನ ತುಪ್ಪವನ್ನು ಒಂದು ಹನಿಯೂ ಉಳಿಯದಂತೆ ನೆಕ್ಕಿ, ಹೋಳಿಗೆಯನ್ನು ಇದ್ದಹಾಗೆ ಬಿಟ್ಟು ಹೋಗುತ್ತಾಳೆ. ಇಂಥ ಹೂರಣಕ್ಕೆ ಮನಸೋಲದ ಜೀವ ಉಂಟೇ ಎಂದು ನಮ್ಮ ಮನೆಯಾಕೆಗೆ ಮೊದಲು ಅವಮಾನವೇ ಆಗಿತ್ತು. ಅದು ಆಕೆಯ ಕೈಗುಣದ ದೋಷವಲ್ಲ. ಸಿಹಿಯನ್ನು ಅರಿಯಲು ನಾಲಗೆಗೆ ಬೇಕಾದ ಎರಡು ಜೀನುಗಳಲ್ಲಿ ಒಂದು ಬೆಕ್ಕಿನ ಕುಲಕ್ಕೇ ಕೆಟ್ಟುಹೋಗಿದೆಯೆಂದು 2005ರಲ್ಲಿ ಕಂಡುಹಿಡಿದರು. ಹುಲಿಗೂ ಅದೇ ಪಾಡು. ಸಕ್ಕರೆಯ ರುಚಿಯನ್ನೇ ಕಾಣದ ಜನ್ಮ!

ನಾವು ಆಫೀಸಿನಿಂದ ತಂದ ಕಾಗದ ಹರವಿಕೊಂಡು ಕುಳಿತರೆ, ಎಂಟು ಚದರ ಗಜದ ಆ ಕೋಣೆಯಲ್ಲಿ ಆಕೆಗೆ ಕೂರಲು ಬೇರೆ ಸ್ಥಳವೇ ಇಲ್ಲ. ಬರೆಯುತ್ತಿರುವ ಹಾಳೆಯ ಮೇಲೆಯೇ ಆಗಬೇಕು. ಒಮ್ಮೆ ತುಟ್ಟಿಭತ್ಯೆಯ ಬಾಕಿ ಲೆಕ್ಕದ ಕರಡು ಪ್ರತಿಯ ಕೊನೆಯಲ್ಲಿ ಆಕೆಯ ಹಸಿಗಾಲಿನ ಗುರುತು ಮುದ್ರೆಯಂತೆ ಬಿದ್ದಿತ್ತು. ಮೇಲಧಿಕಾರಿಗಳು ಕನ್ನಡಕ ಏರಿಸಿ ನೋಡಿ, "ಇವರು ಯಾವ ಸೆಕ್ಷನ್ನಿನವರು?" ಎಂದರು.

ಮತ್ತೊಮ್ಮೆ ಗ್ಯಾಲರಿಯಲ್ಲಿ ಪಾರಿವಾಳಕ್ಕೆ ಹಾರಿ, ಪಾರಿವಾಳ ತಪ್ಪಿ, ತಾನೇ ಮೊದಲ ಮಹಡಿಯಿಂದ ಕೆಳಗೆ ಬಿದ್ದಳು. ಬೆನ್ನು ಕೆಳಗಾಗಿ ಹೊರಟವಳು ನೆಲ ಮುಟ್ಟುವಷ್ಟರಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದ್ದಳು. ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ 1894ರಲ್ಲಿಯೇ ಬೀಳುವ ಬೆಕ್ಕಿನ ಸಾಲು ಚಿತ್ರಗಳನ್ನು ತೆಗೆದು, ಅದು ಮೊದಲು ಮುಂಭಾಗವನ್ನೂ ಆಮೇಲೆ ಹಿಂಭಾಗವನ್ನೂ ಹೊರಳಿಸಿಕೊಳ್ಳುವ ಕ್ರಮವನ್ನು ತೋರಿಸಿದ್ದ. ಎತ್ತರದ ಮಹಡಿಗಳಲ್ಲಿರುವವರು ಇದನ್ನು ನಂಬಿ ಕಿಟಕಿ ತೆರೆದಿಡಬಾರದು. ಬೆಕ್ಕಿಗೂ ಎಲುಬು ಮುರಿಯುತ್ತದೆ. ನಮಗೆ ಸೋಜಿಗವೆನಿಸಿದ್ದು ಬಿದ್ದದ್ದಲ್ಲ, ಬಿದ್ದ ಮೇಲಿನ ಠೀವಿ. ಸುತ್ತ ನಿಂತ ಹುಡುಗರನ್ನು ಒಮ್ಮೆ ನೋಡಿ, ತಾನು ಇಳಿಯಬೇಕೆಂದೇ ಇಳಿದವಳಂತೆ ಕುಳಿತು ಬಾಲ ನೆಕ್ಕತೊಡಗಿದಳು. ಮಳೆಗಾಲದಲ್ಲಿ ದಾದರ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿದಾಗ ನಾವು ಚಪ್ಪಲಿಯ ಅಂಗುಷ್ಠ ಸರಿಮಾಡಿಕೊಳ್ಳುವವರಂತೆ ಬಗ್ಗುವುದಿಲ್ಲವೇ, ಹಾಗೆ.

ಬೆಳಿಗ್ಗೆ ನಾವು ವಡಾಳಾ ಸ್ಟೇಷನ್ನಿಗೆ ಹೊರಡುವಾಗ ಪ್ರತಿದಿನ ಎಡದಿಂದ ಬಲಕ್ಕೆ ಅಡ್ಡ ಬರುವವಳೂ ಆಕೆಯೇ. ಊರಿನಲ್ಲಾದರೆ ಐದು ನಿಮಿಷ ಕುಳಿತು ನೀರು ಕುಡಿದು ಹೊರಡಬೇಕು. ಮುಂಬಯಿಯ ಲೋಕಲ್ ಗಾಡಿ ಐದು ನಿಮಿಷ ಕಾಯುವುದಿಲ್ಲ. "ಮನಿ ಬೆಕ್ಕಿಗೆ ದೋಷ ಇಲ್ಲ" ಎಂದು ಅವ್ವ ಶಾಸ್ತ್ರವನ್ನು ತಿದ್ದಿಕೊಟ್ಟದ್ದರಿಂದ ನಮ್ಮ ಹಾಜರಿ ಪುಸ್ತಕ ಕೆಂಪಾಗದೆ ಉಳಿದಿದೆ. ಸಂಜೆ ನಮ್ಮ ಕಾಲಸಪ್ಪಳ ಮೆಟ್ಟಿಲ ಮೇಲೆ ಕೇಳಿಸುವ ಮೊದಲೇ ಬಾಗಿಲ ಬಳಿ ಬಂದು ಕೂರುತ್ತಾಳೆಂದು ಮನೆಯವರು ಹೇಳುತ್ತಾರೆ. ಬಾಗಿಲು ತೆರೆದರೆ ಮಾತ್ರ ನಮ್ಮ ಕಡೆ ನೋಡದೆ ಗೋಡೆ ನೋಡುತ್ತಾಳೆ.

2019ರಲ್ಲಿ ಮೂರು ಮರಿ ಹಾಕಿದಳು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ಮಲ್ಲವ್ವನಿಗೆ ಇದ್ದದ್ದು ಎರಡೇ ಮನೆಯಾದ್ದರಿಂದ ನಮ್ಮ ಕಪಾಟಿನಿಂದ ಅವರ ಮಂಚದ ಕೆಳಗೆ, ಅವರ ಮಂಚದಿಂದ ನಮ್ಮ ಜೋಳದ ಚೀಲದ ಹಿಂದೆ, ಹೀಗೆ ಕತ್ತು ಕಚ್ಚಿ ಒಂದೊಂದನ್ನೇ ಹೊತ್ತು ಏಳು ಸಲ ಪೂರೈಸಿದಳು. ಮರಿಗಳಲ್ಲಿ ಎರಡು ಸಂಘದ ಬಂಧುಗಳ ಮನೆಗಳಲ್ಲಿಯೇ ಬೆಳೆದಿವೆ. ಅವರು ಇದನ್ನು ಓದುತ್ತಿದ್ದರೆ ತಾಯಿಯ ಕಡೆಯ ನಮಸ್ಕಾರ. ಆ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿ ಸಂಸಾರ ಬಂಧನದಿಂದ ಬಿಡಿಸಿದೆವು.

ಇಷ್ಟು ದಿನ ನಗುತ್ತಲೇ ಕಳೆಯಿತು.

2020ರ ಮಾರ್ಚ್ ತಿಂಗಳಲ್ಲಿ ಎದುರು ಮನೆಯವರು ಶಿಮಗಾ ಹಬ್ಬಕ್ಕೆಂದು ಮಾಲವಣಕ್ಕೆ ಹೋದರು. ಕೊಂಕಣದವರಿಗೆ ಹೋಳಿಯ ಆ ಹಬ್ಬ ಗಣಪತಿಯಷ್ಟೇ ದೊಡ್ಡದು. ಅವರು ತಿರುಗಿ ಬರುವ ಮೊದಲೇ, 25ನೆಯ ತಾರೀಕಿನಿಂದ, ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಅವರು ಅಲ್ಲಿ, ನಾವು ಇಲ್ಲಿ. ಹಗಲೆಲ್ಲ ಹದಿನಾಲ್ಕು ಗಂಟೆ ನಿದ್ದೆ ಮಾಡುವ ಮಲ್ಲವ್ವನಿಗೆ, ಐದು ಜನವೂ ಮನೆಯಲ್ಲಿಯೇ ಬೀಡುಬಿಟ್ಟದ್ದು ಮೊದಲು ಅರ್ಥವಾಗಲಿಲ್ಲ. ಮಗಳ ಪಾಠ ಮೊಬೈಲಿನಲ್ಲಿ ನಡೆಯುವಾಗ ಪರದೆಗೆ ಅಡ್ಡ ಕುಳಿತು ಟೀಚರಿಂದ ದಿನವೂ ಹಾಜರಿ ಹಾಕಿಸಿಕೊಂಡಳು. ಎದುರಿನ ಮುಚ್ಚಿದ ಬಾಗಿಲ ಮುಂದೆ ಹೋಗಿ ಕೂಗಿ ಕೂಗಿ ಬರುತ್ತಿದ್ದಳು. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂವ್ ಎನ್ನುವುದು ಅಪರೂಪ, ಆ ಭಾಷೆಯನ್ನು ಮನುಷ್ಯರಿಗಾಗಿಯೇ ಇಟ್ಟುಕೊಂಡಿವೆ ಎಂದು ಓದಿದ್ದೇವೆ. ಆ ಬಾಗಿಲ ಮುಂದೆ ಆಕೆ ಆಡುತ್ತಿದ್ದುದು ಆ ಮಾತನ್ನೇ, ಕೇಳುವವರು ಇರಲಿಲ್ಲ.

ಏಪ್ರಿಲಿನಲ್ಲಿ ಹೊಟೇಲುಗಳು ಮುಚ್ಚಿ ಬೀದಿನಾಯಿಗಳು ಹಸಿದಿದ್ದವು. ಮಲ್ಲವ್ವ ಕೆಳಗಿಳಿದವಳು ಎಡಗಿವಿ ಹರಿದುಕೊಂಡು, ತೊಡೆಯಲ್ಲಿ ಹಲ್ಲು ನಟ್ಟು, ಹೇಗೋ ಮೆಟ್ಟಿಲು ಹತ್ತಿ ಬಂದಳು. ಪ್ರಾಣಿವೈದ್ಯರಿಗೆ ಫೋನು ಮಾಡಿ ಕೇಳಿ, ಔಷಧ ತಂದು ಹಚ್ಚಿದೆವು. ಗಾಯ ಮಾಯಿತು. ಇನ್ನು ಇಕಿ ಹೊಸ್ತಿಲು ದಾಟಬಾರದೆಂದು ಅವ್ವ ಗ್ಯಾಲರಿಗೆ ಜಾಳಿಗೆ ಕಟ್ಟಿಸಿದಳು. ಹೊರಗೆ ಹೋಗುವುದು ನಿಂತಿತು. ಇಲಿಗಳ ಕಾಟವೂ ಅಷ್ಟರಲ್ಲಿ ಮನೆಯಲ್ಲಿ ಇರಲಿಲ್ಲ. ಹಾಲನ್ನ, ಮೊಸರನ್ನ, ಬೆಣ್ಣೆ ರೊಟ್ಟಿ; ಬೆಣ್ಣೆ ರೊಟ್ಟಿ, ಮೊಸರನ್ನ, ಹಾಲನ್ನ. ಎಂಟು ತಿಂಗಳು ಮಲ್ಲವ್ವ ಅವ್ವ ಹೇಳುತ್ತಿದ್ದಂತೆ ನಿಜವಾಗಿಯೂ ಶುದ್ಧ ಸಸ್ಯಾಹಾರಿಯಾದಳು.

ಅಕ್ಟೋಬರಿನ ಹೊತ್ತಿಗೆ ಸಣ್ಣಸಣ್ಣ ವಿಚಿತ್ರಗಳು ಕಂಡವು. ಸ್ಟೂಲಿನಿಂದ ಮೇಜಿಗೆ ಹಾರುವವಳು ಅಂಚು ತಪ್ಪಿ ಬಿದ್ದಳು. ಮಕ್ಕಳು ನಕ್ಕರು, ನಾವೂ ನಕ್ಕೆವು. ಸಂಜೆ ದೀಪ ಹಚ್ಚುವ ಮುನ್ನ ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡಳು. ನಡುಹಗಲ ಬೆಳಕಿನಲ್ಲಿ ಬೆಕ್ಕಿನ ಕಣ್ಣಿನ ಪಾಪೆ ನಿಂತ ಗೆರೆಯಂತಾಗಬೇಕಷ್ಟೆ. ಇವಳದು ದುಂಡಗೆ, ಬಾವಿಯಂತೆ, ತೆರೆದೇ ಇರುತ್ತಿತ್ತು. "ಕಣ್ಣು ಎಷ್ಟು ಚೆಂದ ದೊಡ್ಡದಾಗ್ಯಾವ" ಎಂದು ಮಗಳು ಫೋಟೋ ತೆಗೆದಳು. ಆ ಫೋಟೋ ಈಗಲೂ ಇದೆ. ನೋಡಲು ನಮಗೆ ಧೈರ್ಯವಿಲ್ಲ.

ದೀಪಾವಳಿಯಾದ ಮೇಲೆ ಎದುರು ಮನೆಯವರು ಬಂದರು. ಬೀಗ ತೆಗೆಯುವ ಸಪ್ಪಳಕ್ಕೇ ಮಲ್ಲವ್ವ ಓಡಿದಳು. ಓಡಿ ಅವರ ಟ್ರಂಕಿಗೆ ಡಿಕ್ಕಿ ಹೊಡೆದಳು. ಮಾವಶಿ ಎತ್ತಿಕೊಂಡು ಮುಖ ನೋಡಿ, "ಕಾಯ ಝಾಲಂ ಹಿಲಾ? ಹಿಲಾ ದಿಸತ ನಾಹೀ!" ಎಂದಳು. ಇವಳಿಗೆ ಏನಾಯಿತು, ಕಣ್ಣು ಕಾಣುವುದಿಲ್ಲವಲ್ಲ ಎಂದು. ದಿನವೂ ನೋಡುತ್ತಿದ್ದ ಐದು ಜನಕ್ಕೆ ಕಾಣದ್ದು ಎಂಟು ತಿಂಗಳ ಮೇಲೆ ಬಂದವಳಿಗೆ ಒಂದು ಗಳಿಗೆಯಲ್ಲಿ ಕಂಡಿತು.

ಮರುದಿನ ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಬಾಯಿ ಸಕರಬಾಯಿ ದಿನಶಾ ಪೆಟಿಟ್ ಅವರ ಹೆಸರಿನ ಆ ಆಸ್ಪತ್ರೆ ಮುಂಬಯಿಯ ಹಳಬರಿಗೆಲ್ಲ ಗೊತ್ತು. 1883ರಿಂದ ಎತ್ತು, ಕುದುರೆ, ನಾಯಿ, ಬೆಕ್ಕುಗಳ ನರಳಾಟ ಕೇಳುತ್ತ ಬಂದಿದೆ. ತರುಣ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಎದೆಯನ್ನೂ ಪರೀಕ್ಷಿಸಿದರು. ಆ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಊಟಕ್ಕೆ ಏನು ಹಾಕುತ್ತೀರಿ?

ನಾವು ಸ್ವಲ್ಪ ಅಭಿಮಾನದಿಂದಲೇ ಹೇಳಿದೆವು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಟಾರಿನ್ ಎಂಬ ಒಂದು ಪದಾರ್ಥವಿದೆ. ನಿಮ್ಮ ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ತಯಾರಿಸಲು ಬರುವುದಿಲ್ಲ. ಮಾಂಸ, ಮೀನುಗಳಿಂದಲೇ ಬರಬೇಕು. ಅನ್ನ ರೊಟ್ಟಿಯಲ್ಲಿ ಇಲ್ಲ, ಹಾಲಿನಲ್ಲಿ ಇದ್ದರೂ ಲೆಕ್ಕಕ್ಕಿಲ್ಲ. ಅದಿಲ್ಲದೆ ತಿಂಗಳುಗಟ್ಟಲೆ ಕಳೆದರೆ ಕಣ್ಣಿನ ಒಳಪೊರೆ ಸವೆಯುತ್ತದೆಂದು 1975ರಲ್ಲಿ ಗೊತ್ತಾಯಿತು, ಹೃದಯವೂ ಸೋಲುತ್ತದೆಂದು 1987ರಲ್ಲಿ. ಈಕೆಯ ಹೃದಯ ಸದ್ಯಕ್ಕೆ ಚೆನ್ನಾಗಿದೆ. ಕಣ್ಣಿನಲ್ಲಿ ಹೋದದ್ದು ಹೋಯಿತು, ತಿರುಗಿ ಬಾರದು, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಇಷ್ಟನ್ನು ಅವರು ಒಂದು ಚೀಟಿಯ ಮೇಲೆ ಬರೆದೂ ಕೊಟ್ಟರು. ಹಾಲು ಕೂಡ ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ ಎಂದು ಕೊನೆಯಲ್ಲಿ ಸೇರಿಸಿದರು.

ಟ್ಯಾಕ್ಸಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನಾವು ಲೆಕ್ಕ ಹಾಕಿದೆವು. ಎದುರು ಮನೆಯ ಬಾಂಗಡೆಯ ತಲೆ, ಜೋಳದ ಚೀಲದ ಇಲಿ, ಇವೆರಡರಿಂದ ಆಕೆಯ ಕಣ್ಣು ಅಷ್ಟು ದಿನ ನಡೆದಿತ್ತು. ನಮ್ಮ ಅಕ್ಕರೆಯ ಬೆಣ್ಣೆಯಿಂದಲ್ಲ.

ಮನೆಯಲ್ಲಿ ಹೇಳಿದೆವು. ಅವ್ವ ಚೀಟಿಯನ್ನು ಓದಿಸಿಕೇಳಿ, ಹಾಲಿನ ಮಾತು ಬಂದಾಗ, "ಹಂಗಾದರ ತೆನಾಲಿ ರಾಮನ ಬೆಕ್ಕs ಶಾಣ್ಯಾ ಇತ್ತು, ಹಾಲು ಕಂಡ್ರ ಓಡತಿತ್ತು" ಎಂದಳು. ನಗಲಿಲ್ಲ. ಎರಡು ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಬೆಕ್ಕಿಗೆ ಕೇಡು ಮಾಡಿದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕೆಂಬ ಮಾತನ್ನು ಚಿಕ್ಕಂದಿನಲ್ಲಿ ನಮಗೆ ಹೇಳಿದವಳು ಅವಳೇ.

ಮೂರನೆಯ ದಿನ ಬುಧವಾರ. ಎದುರು ಮನೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಬುಧವಾರ, ಶುಕ್ರವಾರ, ಭಾನುವಾರಗಳಲ್ಲಿ ಓಣಿಯ ಬಾಗಿಲನ್ನೇ ಮುಚ್ಚಿಕೊಳ್ಳುತ್ತಿದ್ದ ಅವ್ವ ಅಂದು ತಲೆಯ ಮೇಲೆ ಸೆರಗು ಹೊದ್ದು, ಮಲ್ಲವ್ವನನ್ನು ಎತ್ತಿಕೊಂಡು, ಆರು ಅಡಿ ದಾಟಿ, ಅವರ ಹೊಸ್ತಿಲ ಮೇಲೆ ನಿಂತಳು. ತನಗೆ ಬರುವ ಮರಾಠಿಯಲ್ಲಿ, "ಬಾಯಿ, ಹಿಲಾ ಮಾಸಾ ದ್ಯಾ. ರೋಜ ದ್ಯಾ" ಎಂದಳು. ಇವಳಿಗೆ ಮೀನು ಕೊಡಿ, ದಿನಾ ಕೊಡಿ.

ಮಾವಶಿ ಸೌಟು ಹಿಡಿದೇ ಬಂದಳು. ಮೊದಲೂ ಕೊಡುತ್ತಿದ್ದೆನಲ್ಲ ಆಜೀ, ಎರಡು ವರ್ಷ ಕೊಟ್ಟೆ, ನಿಮಗೆ ಬೇಸರವಾದೀತೆಂದು ಹೇಳಲಿಲ್ಲ ಎಂದಳು. ನಾವು ಈಚೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು.

ಅವ್ವ ನಮ್ಮ ಕಡೆ ತಿರುಗಿ ಕನ್ನಡದಲ್ಲಿಯೇ ಹೇಳಿದಳು: "ನನಗ ಗೊತ್ತಿತ್ತು. ಮಕದ ಮ್ಯಾಲೆ ಮಕ ಇಟ್ಟು ಮಕ್ಕೊಳ್ಳತಿದ್ಲು, ವಾಸನಿ ಬರದs ಇರತೈತೇನು?"

ಆ ದಿನದಿಂದ ಉಪ್ಪು ಖಾರವಿಲ್ಲದೆ ಬೇಯಿಸಿದ ಮೀನು ಎದುರು ಮನೆಯಲ್ಲಿ ಎರಡು ಹೊತ್ತು. ಖರ್ಚಿನ ಪಾಲು ಕೊಡಹೋದರೆ ಮಾವಶಿ ಒಪ್ಪಲಿಲ್ಲ; ತಿಂಗಳಿಗೆ ಇಪ್ಪತ್ತು ಜೋಳದ ರೊಟ್ಟಿಗೆ ಒಪ್ಪಂದವಾಯಿತು. ನಮ್ಮ ಮನೆಯಲ್ಲಿ ಡಾಕ್ಟರು ಹೇಳಿದ ಕಾಳಿನಂಥ ಆಹಾರದ ಡಬ್ಬ ಬಂದಿದೆ. ಅದರಲ್ಲಿ ಏನೇನಿದೆಯೆಂದು ನಾವು ಓದಹೊರಟಾಗ ಅವ್ವ ತಡೆದಳು. "ನನಗ ಹೇಳಬ್ಯಾಡ. ಅದು ಬೆಕ್ಕಿನ ಚುರಮರಿ, ಅಷ್ಟs."

ಮಲ್ಲವ್ವನ ದೃಷ್ಟಿ ಅಲ್ಲಿಂದ ಮುಂದೆ ಕೆಡಲಿಲ್ಲ. ಹಗಲು ಮಬ್ಬಾಗಿ ಕಾಣುತ್ತದೆ, ಸಂಜೆಯಾದರೆ ಇಲ್ಲ. ಮನೆಯ ಕುರ್ಚಿ ಮೇಜುಗಳನ್ನು ಇದ್ದಲ್ಲಿಂದ ಕದಲಿಸಬಾರದೆಂಬುದು ನಮ್ಮಲ್ಲಿ ಈಗ ಕಾನೂನು. ನೆಂಟರು ಕುರ್ಚಿ ಎಳೆದುಕೊಂಡರೆ ಹೋದ ಮೇಲೆ ಮಗ ಅಳೆದು ಸರಿಯಾಗಿ ಇಡುತ್ತಾನೆ. ಮೇಜಿಗೆ ಹಾರುವ ಮೊದಲು ಹಿಂಗಾಲ ಮೇಲೆ ನಿಂತು ಒಂದು ಮುಂಗೈಯಿಂದ ಅಂಚನ್ನು ತಡವಿ ನೋಡುತ್ತಾಳೆ. ಇಕ್ಕಟ್ಟಿನಲ್ಲಿ ಮೀಸೆ ದಾರಿ ತೋರಿಸುತ್ತದೆ. ಗೋಡೆಗೆ ತಾಗಿದರೆ, ತಾನು ತಾಗಬೇಕೆಂದೇ ತಾಗಿದವಳಂತೆ ಅಲ್ಲಿಯೇ ಕುಳಿತು ಬಾಲ ನೆಕ್ಕುವುದು ಮಾತ್ರ ಬಿಟ್ಟಿಲ್ಲ. ಕಾಗದದ ಮೇಲೆ ಕೂರುವುದನ್ನೂ ಬಿಟ್ಟಿಲ್ಲ. ಕಾಣದಿದ್ದರೇನು, ಕಾಗದದ ಸಪ್ಪಳ ಕೇಳುತ್ತದೆ.

2024ರ ಸೆಪ್ಟೆಂಬರಿನಲ್ಲಿ ಎದುರು ಮನೆಯವರು ಗಣಪತಿಗೆ ಊರಿಗೆ ಹೊರಟರು. ಮಲ್ಲವ್ವನಿಗೆ ಆಗ ಹಲ್ಲುನೋವು, ಚುರಮರಿ ಅಗಿಯಲು ಆಗುತ್ತಿರಲಿಲ್ಲ. ಮೀನಿನ ಮೆತ್ತನೆಯ ಪೊಟ್ಟಣಗಳನ್ನು ಎಣಿಸಿ, ತಮ್ಮ ಮನೆಯ ತಟ್ಟೆಯ ಸಹಿತ ಓಣಿಯಲ್ಲಿಟ್ಟು ಹೋದರು. ಬಡಿಸುವ ಕೆಲಸ ನಮ್ಮ ಮನೆಯಾಕೆಯದು. ನಾಲ್ಕನೆಯ ದಿನ ಅವಳೂ ಮಕ್ಕಳೂ ಮಾಟುಂಗದಲ್ಲಿ ಯಾರದೋ ಮನೆಯ ಗಣಪತಿ ನೋಡಲು ಹೋಗಿದ್ದರು. ನಾವು ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆವು. ತಿರುವಿನಲ್ಲಿ ಮೇಲಿನ ಓಣಿ ಕಾಣುತ್ತದೆ.

ಎದುರು ಮನೆಯ ಬೀಗ ಹಾಕಿದ ಬಾಗಿಲ ಮುಂದೆ ಅವ್ವ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಸೆರಗನ್ನು ಮೂಗಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡಿದ್ದಳು. ಎಡಗೈಯನ್ನು ಆದಷ್ಟು ದೂರ ಚಾಚಿ ಪೊಟ್ಟಣವನ್ನು ಹಿಂಡಿ ಹಿಂಡಿ ಮಾವಶಿಯ ತಟ್ಟೆಗೆ ಹಾಕಿದಳು. "ಮಲ್ಲವ್ವಾ, ಬಾ" ಎಂದು ಕರೆದಳು. ನಮ್ಮ ಮನೆಯೊಳಗಿಂದ ಉತ್ತರವಿಲ್ಲ. ಮಲ್ಲವ್ವ ಎಂದು ಕರೆದರೆ ಆಕೆ ರೊಟ್ಟಿಯ ವಾಸನೆ ಬರುವ ಕಡೆಗೆ ಮುಖ ಮಾಡುವವಳು. ಇನ್ನೆರಡು ಸಲ ಕರೆದಳು.

ಆಮೇಲೆ ಅವ್ವ ಓಣಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಸೆರಗಿನೊಳಗಿನಿಂದ ಸಣ್ಣ ದನಿಯಲ್ಲಿ, "ಮನೀ... ಯೇ ಗ ಮನೀ, ಯೇ" ಎಂದಳು.

ಕರಿಯ ಬಾಲವೊಂದು ನೆಟ್ಟಗೆ ನಿಂತು ನಮ್ಮ ಹೊಸ್ತಿಲು ದಾಟಿತು. ನಾವು ಸಪ್ಪಳ ಮಾಡದೆ ನಾಲ್ಕು ಮೆಟ್ಟಿಲು ಹಿಂದಕ್ಕೆ ಇಳಿದು, ಗಟ್ಟಿಯಾಗಿ ಕೆಮ್ಮಿ, ಮತ್ತೆ ಹತ್ತಿದೆವು.